ಅಬ್ಬಿ ನೀರಿನ ತೋಟವೋ, ಸೊರಬದ ಖುಷ್ಕಿಯೋ

ನಮ್ಮ ಕೈಯಲ್ಲಿದ್ದದ್ದು 22 ಲಕ್ಷ. ಅಷ್ಟರಲ್ಲೇ ಜಮೀನು, ರಿಜಿಸ್ಟ್ರೇಷನ್ ಖರ್ಚು, ತಲೆ ಮೇಲೊಂದು ಸೂರು ಎಲ್ಲಾ ಆಗಬೇಕಿತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ನನ್ನಂಥ ಪಹಣಿ ಇಲ್ಲದ ಶಿವಮೊಗ್ಗ ಪೇಟೆಯವನೂ ಕೃಷಿ ಜಮೀನು ಕೊಳ್ಳಬಹುದು. ಸರಿ, ಹೊರಟೆವು.

ತೀರ್ಥಹಳ್ಳಿ ಕಡೆ ಒಂದು ತೀರಾ ಅಗ್ಗಕ್ಕೆ ಸಿಕ್ಕಿತ್ತು. ಪಹಣಿಯ 11ನೇ ಕಾಲಮ್ಮಿನಲ್ಲಿ ‘ಪರಭಾರೆ ನಿಷೇಧ’ ಅಂತಿತ್ತು. ಸರ್ಕಾರ ಮಂಜೂರು ಮಾಡಿದ್ದು, ಮಾರುವಂತಿಲ್ಲ. ಅಗ್ಗ ಯಾಕೆ ಅಂತ ಆಮೇಲೆ ಕೇಳಲಿಲ್ಲ, ಬಂದ ದಾರಿಯಲ್ಲೇ ವಾಪಸ್ಸು.

ಕೊನೆಗೆ ಉಳಿದದ್ದು ಎರಡು. ಹೊಸನಗರ ಕಡೆ ಹಳೇ ಅಡಿಕೆ ತೋಟ, ಜೊತೆಗೊಂದು ಹಂಚಿನ ಮನೆ. ಸೊರಬ ಕಡೆ ಮೆಕ್ಕೆಜೋಳ ಬೆಳೆಯುತ್ತಿದ್ದ ಖುಷ್ಕಿ, ಅಂದರೆ ಒಣ ಬೇಸಾಯದ ಜಮೀನು. ಎರಡಕ್ಕೂ ಹೇಳಿದ್ದು ಹೆಚ್ಚುಕಡಿಮೆ 18 ಲಕ್ಷ. ಸುಮ್ನೆ ನೋಡಿ ಬಂದು ಅಡ್ವಾನ್ಸ್ ಕೊಡೋದು ಬೇಡ, ಇದ್ದು ನೋಡೋಣ ಅಂತ ಮನೆಯವಳು ಹಟ ಹಿಡಿದಳು. ತೋಟದ ಮನೆಯಲ್ಲಿ ಮಳೆಗಾಲ ಪೂರ್ತಿ ಬಾಡಿಗೆಗೆ ಇದ್ದೆವು, ಸೊರಬದ ಊರೊಳಗೆ ಮಾರ್ಚ್‌ನಿಂದ ಮೇ ತನಕ.

ತೋಟಕ್ಕೆ ಮನಸ್ಸು ಸೋತಿದ್ದು ನೀರಿನಿಂದ. ಗುಡ್ಡದ ಮೇಲಿನ ಅಬ್ಬಿಯಿಂದ, ಅಂದರೆ ಸಣ್ಣ ಜಲಧಾರೆಯಿಂದ, ಕಪ್ಪು ಪೈಪಿನಲ್ಲಿ ಅಡುಗೆಮನೆ ತನಕ ತಾನಾಗಿಯೇ ಇಳಿದು ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ, ಹಗಲೂ ರಾತ್ರಿ ತೊಟ್ಟಿ ತುಂಬಿ ಹರಿಯುತ್ತಿರುತ್ತದೆ. ಜುಲೈ ಬಂತು ನೋಡಿ. ಎರಡು ದಿನಕ್ಕೊಮ್ಮೆ ಪೈಪಿನ ಬಾಯಿಗೆ ತರಗೆಲೆ ಕಟ್ಟಿ ನೀರು ನಿಲ್ಲೋದು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಅರ್ಧ ಗಂಟೆ ಗುಡ್ಡ ಹತ್ತಬೇಕು. ಇಳಿದು ಬಂದು ಜಗುಲಿಯಲ್ಲಿ ಕೂತು ಲೆಕ್ಕ ಹಾಕಿದರೆ ಹನ್ನೊಂದು ಉಂಬಳ (ಕಾಡಿನ ಜಿಗಣೆ), ಒಂದು ಕಿವಿ ಹಿಂದೆ. ಒಂದು ರಾತ್ರಿ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆಯೂ ಕೊಚ್ಚಿಹೋಯಿತು. ಮೂರು ದಿನ ಹಾಲಿಲ್ಲ, ಪೇಟೆಯಿಲ್ಲ. ಮನೆ ಹಿಂದಿನ ಧರೆ (ಕಡಿದಾದ ಮಣ್ಣಿನ ದಿಬ್ಬ) ಬೇರೆ ದಿನಾ ಸ್ವಲ್ಪ ಸ್ವಲ್ಪ ಜರಿಯುತ್ತಿತ್ತು.

ಆದರೂ ಬಿಡುತ್ತಿರಲಿಲ್ಲವೇನೋ. ಕೆಡಿಸಿದ್ದು ಕಾಗದ. ಮಾರುವವರು ಕೈ ಬೀಸಿ ತೋರಿಸಿದ್ದು ನಾಲ್ಕು ಎಕರೆ, ಪಹಣಿಯಲ್ಲಿ ಇದ್ದದ್ದು 28 ಗುಂಟೆ. ಉಳಿದದ್ದೆಲ್ಲ ಸೊಪ್ಪಿನ ಬೆಟ್ಟ! ಅದು ಸರ್ಕಾರದ್ದು. ತೋಟದವರಿಗೆ ಸೊಪ್ಪು, ತರಗೆಲೆ ತರುವ ಸವಲತ್ತಿದೆ ಅಷ್ಟೇ, ಮನೆ ಕಟ್ಟೋಕೆ ಆಗಲ್ಲ. ಇನ್ನು ಆ ಅಬ್ಬಿ ಇದ್ದದ್ದು ಪಕ್ಕದವರ ಜಾಗದಲ್ಲಿ. ಅವರ ಮನೆಯ ಹಿರಿಯರನ್ನು ಕೇಳಿದರೆ, "ನೀರು ಕೊಟ್ಟಿದ್ದು ಇವರ ಅಪ್ಪಯ್ಯನಿಗೆ ಮಾರಾಯ್ರೆ, ತೋಟ ಕೊಂಡವರಿಗಲ್ಲ" ಅಂದರು. ಒರಟಾಗಿ ಹೇಳಲಿಲ್ಲ, ಕಾಫಿ ಕೊಟ್ಟೇ ಹೇಳಿದರು. ತೋಟದ ಆದಾಯದ ಮಾತು ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಕೊನೆಗೌಡ, ಅಂದರೆ ಮರ ಹತ್ತುವವನು ಸಿಗೋದೇ ಕಷ್ಟ, ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ.

ಸೊರಬದ್ದು ನೋಡೋಕೆ ಏನೂ ಚಂದವಿಲ್ಲ. ಕೆಂಪು ಮಣ್ಣು, ಬದುವಿನಲ್ಲಿ ನಾಲ್ಕು ಮಾವಿನ ಮರ. ಹಿಂದೆ ಶುಂಠಿಗೆ ಗುತ್ತಿಗೆ ಕೊಟ್ಟು ನೆಲ ಬರಡಾಗಿದೆ, ಹಿಡಿ ಮಣ್ಣು ತೆಗೆದರೆ ಒಂದು ಎರೆಹುಳ ಕಾಣಲ್ಲ. ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಕೂತಂಗಾಗ್ತದೆ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ಎದ್ದು ನೀರು ಬಿಡಬೇಕು. ಆದರೆ ದಾರಿ ನಕ್ಷೆಯಲ್ಲಿದೆ, ಸರ್ಕಾರದ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲೂ ಅದೇ ಸರ್ವೆ ನಂಬರ್ ತೋರಿಸುತ್ತದೆ, ಬಾವಿ ಇದೇ ಜಮೀನಿನೊಳಗಿದೆ. ಸ್ವಲ್ಪ ದೂರದಲ್ಲೇ ಊರ ಕೆರೆ. ಅದು ತುಂಬಿದರೆ ಬಾವಿಗೆ ಒರತೆ ಅಂತ ಊರವರು ಹೇಳಿದ್ದರು, ನಂಬಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ನೋಡಿದೆ, ಆರು ಅಡಿ ನೀರಿತ್ತು.

ಚೌಕಾಸಿಗೆ ಒಂದು ಜಾಗ ಸಿಕ್ಕಿತು. ಅವರು ಹೇಳಿದ್ದು 1 ಎಕರೆ 26 ಗುಂಟೆಯ ರೇಟು, ಅದರಲ್ಲಿ 4 ಗುಂಟೆ ‘ಬ’ ಖರಾಬು, ಅಂದರೆ ಹಳ್ಳ. ಸಾರ್ವಜನಿಕರದ್ದು. ಅದಕ್ಯಾಕೆ ನಾನು ದುಡ್ಡು ಕೊಡಲಿ, ಅಲ್ವಾ? ಪಹಣಿ ಮುಂದಿಟ್ಟೆ, ಆ 4 ಗುಂಟೆ ಲೆಕ್ಕದಿಂದ ಬಿಟ್ಟರು.

ಇದನ್ನೇ ತಗೊಂಡೆವು. ಒಂದು ಭಯ ಮಾತ್ರ ಎರಡೂ ಕಡೆ ಒಂದೇ, ಕಾಡಿನ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಗೊತ್ತಾದ ಕ್ಯಾಸನೂರು ಕಾಡು ಇರೋದೇ ಸೊರಬ ತಾಲೂಕಿನಲ್ಲಿ. ಬೇಸಿಗೆಯಲ್ಲಿ ಕಾಡಿಗೆ ಕಾಲಿಡಲ್ಲ.

ಮನೆ ಇನ್ನೂ ಎದ್ದಿಲ್ಲ. ಶೆಡ್ಡಿದೆ, ಒಂದು ಹಸು ಇದೆ. ಬರಡಾದ ನೆಲ ಚೇತರಿಸಿಕೊಳ್ಳಲಿ ಅಂತ ಸೆಣಬು ಬಿತ್ತಿ ಹೂವಿಗೆ ಬಂದಾಗ ಉತ್ತು ಮಣ್ಣಿಗೇ ಸೇರಿಸಿದ್ದೇವೆ. ಮನೆಯವಳು ಮಾತ್ರ ಕಾಫಿಗೆ ನೀರಿಡುವಾಗಲೆಲ್ಲ ಆ ಅಬ್ಬಿ ನೀರಿನ ರುಚಿ ನೆನೆಸಿಕೊಳ್ಳುತ್ತಾಳೆ.