ರೋಲೆಕ್ಸ್, ಟ್ಯೂಡರ್, ಸೀಕೊ: ನಮ್ಮ ಅರ್ಧ ಗಂಟೆಗೆ ಯಾವ ಜಿಎಂಟಿ ವಾಚು?

ಜಿಎಂಟಿ ಅಂದರೆ ಎರಡು ಊರಿನ ಟೈಮ್ ಒಟ್ಟಿಗೆ ತೋರಿಸುವ ವಾಚು. ಅದನ್ನು ಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಭಾರತ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಎಲ್ಲ ಕಿರಿಕಿರಿ ಇರುವುದು ಆ ಅರ್ಧ ಗಂಟೆಯಲ್ಲೇ. ನಾನಿರುವುದು ದಾವಣಗೆರೆಯಲ್ಲಿ, ಅಕ್ಕ ಇರುವುದು ಲಂಡನ್‌ನಲ್ಲಿ. ಹಾಗಾಗಿ ಮೂರು ವಾಚುಗಳನ್ನು ನೋಡಿದ್ದು ಇದೇ ಕಣ್ಣಿಂದ.

ಮೊದಲು ಭಾವನ ರೋಲೆಕ್ಸ್ ಜಿಎಂಟಿ-ಮಾಸ್ಟರ್ 2. ಕೆಂಪು-ನೀಲಿ ಬಳೆಯ (ಗಾಜಿನ ಸುತ್ತ ತಿರುಗುವ, 24 ಗಂಟೆಯ ಗುರುತಿರುವ ಉಂಗುರ) ‘ಪೆಪ್ಸಿ’, 2018ರಲ್ಲಿ ಸ್ಟೀಲ್‌ನಲ್ಲಿ ಬಂದ ಮಾಡೆಲ್. ಅವರು ಊರಿಗೆ ಬಂದಾಗಲೆಲ್ಲ ಅದು ನನ್ನ ಕೈಯಲ್ಲಿ. ಎಷ್ಟು ನೋಡಿದರೂ ಸಾಲದು. 1950ರ ದಶಕದಲ್ಲಿ ಪ್ಯಾನ್ ಆಮ್ ಎಂಬ ಅಮೆರಿಕದ ವಿಮಾನ ಕಂಪನಿಯ ಪೈಲಟ್‌ಗಳಿಗಾಗಿ ಮಾಡಿದ ವಿನ್ಯಾಸ ಇದು. ಕೆಂಪು ಹಗಲಿಗೆ, ನೀಲಿ ರಾತ್ರಿಗೆ, ದಿನಕ್ಕೊಂದೇ ಸುತ್ತು ಹೊಡೆಯುವ ಒಂದು ಮುಳ್ಳು ಜಾಸ್ತಿ. ಅಷ್ಟೇ. ಪ್ಯಾನ್ ಆಮ್ 1991ರಲ್ಲಿ ಮುಚ್ಚಿಹೋಯಿತು, ವಾಚಿನ ಮುಖ ಮಾತ್ರ ಹಾಗೇ ಉಳಿಯಿತು. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ಓಡುತ್ತಿರುತ್ತದೆ. 70 ಗಂಟೆಯ ಕೀಲಿ.

ಕ್ರೌನ್ (ಪಕ್ಕದ ಕೀಲಿ ತಿರುಪು) ಒಂದು ಹಂತ ಎಳೆದು ತಿರುಗಿಸಿದರೆ ಗಂಟೆ ಮುಳ್ಳು ಮಾತ್ರ ಒಂದೊಂದು ಗಂಟೆಯಂತೆ ಟಕ್ ಟಕ್ ಎಂದು ಹಾರುತ್ತದೆ. ಸೆಕೆಂಡು ನಿಲ್ಲುವುದೇ ಇಲ್ಲ. ಲಂಡನ್ನಿಂದ ಪ್ಯಾರಿಸ್ಸಿಗೆ ಹೋಗುವವರಿಗೆ ಇದಕ್ಕಿಂತ ಸುಖ ಇಲ್ಲ. ಬೆಂಗಳೂರಿಗೆ ಇಳಿದರೆ? ಬೇಸಿಗೆಯಲ್ಲಿ ಲಂಡನ್ನಿನವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಅಂತರ ನಾಲ್ಕೂವರೆ ಗಂಟೆ. ನಾಲ್ಕು ಗಂಟೆ ಹಾರಿಸಿದ ಮೇಲೂ ಅರ್ಧ ಗಂಟೆ ಬಾಕಿ. ವಾಚು ನಿಲ್ಲಿಸಿ ನಿಮಿಷದ ಮುಳ್ಳು ತಿರುಗಿಸಲೇಬೇಕು. ಬಳೆಗೂ 24 ಕ್ಲಿಕ್ ಮಾತ್ರ, ಅಂದರೆ ಗಂಟೆಗೊಂದು. ಅರ್ಧಕ್ಕೆ ಜಾಗವೇ ಇಲ್ಲ.

ಗೆಳೆಯನ ಟ್ಯೂಡರ್ ಬ್ಲ್ಯಾಕ್ ಬೇ ಜಿಎಂಟಿಯ ಬಳೆಗೆ 48 ಕ್ಲಿಕ್. ನಮ್ಮಂಥವರನ್ನು ನೆನೆಸಿಕೊಂಡೇ ಮಾಡಿದಂತಿದೆ. ಆದರೆ ದಪ್ಪ. ಕುಂದವಾಡ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗ್ ಮುಗಿಯುವಷ್ಟರಲ್ಲಿ ನನ್ನ ಸಣ್ಣ ಕೈಗೆ ಭಾರ ಅನ್ನಿಸಿತು.

ನನ್ನದು ಸೀಕೊ 5 ಜಿಎಂಟಿ. ಇಲ್ಲಿ ಕ್ರೌನ್‌ಗೆ ಹಾರುವುದು 24 ಗಂಟೆಯ ಮುಳ್ಳು, ಅಂದರೆ ದಿನಕ್ಕೊಂದೇ ಸುತ್ತು ಹೊಡೆಯುವ ಆ ಜಾಸ್ತಿ ಮುಳ್ಳು. ಊರಲ್ಲೇ ಇದ್ದು ಹೊರದೇಶಕ್ಕೆ ಫೋನ್ ಮಾಡುವವರಿಗೆ ಇದೇ ಅನುಕೂಲ. ಬಳೆಗೆ ಕ್ಲಿಕ್ ಇಲ್ಲ, ನುಣ್ಣಗೆ ತಿರುಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ 9 ಆದಾಗ ಆ ಮುಳ್ಳನ್ನು 17ಕ್ಕೆ ಇಟ್ಟು, ಬಳೆಯನ್ನು ಅರ್ಧ ಗಂಟೆಯಷ್ಟು ಬಲಕ್ಕೆ ಸರಿಸಿದರೆ ಮುಳ್ಳು 16 ಮತ್ತು 17ರ ನಡುವೆ ನಿಲ್ಲುತ್ತದೆ. ಅಕ್ಕನಿಗೆ ಸಂಜೆ ನಾಲ್ಕೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಇಟ್ಟಾಗ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಂದರೆ ಸಾಕು, ಬಳೆ ಮುಟ್ಟಬೇಕಿಲ್ಲ. ಕೀಲಿ ಮಾತ್ರ 41 ಗಂಟೆಗೇ ಮುಗಿಯುತ್ತದೆ, ಟೈಮಿನಲ್ಲೂ ರೋಲೆಕ್ಸ್‌ನಷ್ಟು ಬಿಗಿ ಇಲ್ಲ. ಆದರೂ ದಿನದ ಕೆಲಸಕ್ಕೆ ನನ್ನ ಓಟು ಇದಕ್ಕೇ.

ರೋಲೆಕ್ಸ್ ಸಂಗ್ರಹಿಸಬೇಕೆಂಬ ಆಸೆ ಇರುವವರು 1959ರಲ್ಲಿ ಬಂದ ಹಳೆಯ ಜಿಎಂಟಿ-ಮಾಸ್ಟರ್ ನೋಡಿ, ಅದರ ಮಾಡೆಲ್ ನಂಬರ್ 1675. ಅದರ ಅಲ್ಯೂಮಿನಿಯಂ ಬಳೆಯ ಕೆಂಪು ವರ್ಷ ಕಳೆದಂತೆ ಗುಲಾಬಿಯಾಗುತ್ತದೆ, ನೀಲಿ ಬೂದಿಯಾಗುತ್ತದೆ. ಒಂದರಂತೆ ಇನ್ನೊಂದು ಇರುವುದಿಲ್ಲ, ಸಂಗ್ರಹಕಾರರು ಹುಡುಕುವುದೇ ಅದನ್ನ. ಹೊಸ ಸೆರಾಮಿಕ್ ಬಳೆಗೆ ಆ ಭಾಗ್ಯ ಇಲ್ಲ. ಈ 1675 ವಾಚಿನಲ್ಲಿ ಗಂಟೆ ಮುಳ್ಳೊಂದೇ ಬೇರೆಯಾಗಿ ಹಾರುವುದಿಲ್ಲ, ನಿಜ. ಆದರೆ ಅದರ ಬಳೆಗೂ ಕ್ಲಿಕ್ ಇಲ್ಲ. ನಾಲ್ಕೂವರೆ ಗಂಟೆ ಅಂದರೆ ನಾಲ್ಕೂವರೆಗೇ ನಿಲ್ಲುತ್ತದೆ.