ಮೊಣಕಾಲುದ್ದ ನೀರಿನಲ್ಲಿ ನಿಂತು ಕಲಿತ ಭೂಗೋಳ: ಒಂದು ಪದವಿಯ ಕ್ಷೇತ್ರಕಾರ್ಯದ ವಿಮರ್ಶೆ

ಭೂಗೋಳಶಾಸ್ತ್ರದ ಪದವಿಗೆ ಸೇರಬೇಕೆಂದಿರುವವರು ಸಾಮಾನ್ಯವಾಗಿ ಪಠ್ಯ ಪತ್ರಿಕೆಗಳ ಹೆಸರನ್ನೂ ಪ್ರಯೋಗಾಲಯದ ಸೌಕರ್ಯವನ್ನೂ ವಿಚಾರಿಸುತ್ತಾರೆ. ನಾನೂ ಅಷ್ಟನ್ನೇ ವಿಚಾರಿಸಿ ಸೇರಿದವಳು. ಮೂರು ವರ್ಷದ ಓದು ಮುಗಿದ ಮೇಲೆ ನೋಡಿದರೆ, ನನ್ನಲ್ಲಿ ಗಟ್ಟಿಯಾಗಿ ಉಳಿದಿರುವುದರಲ್ಲಿ ಹೆಚ್ಚಿನ ಪಾಲು ಕ್ಷೇತ್ರಕಾರ್ಯದಿಂದ ಬಂದದ್ದು. ಆದ್ದರಿಂದ ವಿಭಾಗದ ಹೆಸರನ್ನು ಬದಿಗಿಟ್ಟು, ಅಲ್ಲಿನ ಕ್ಷೇತ್ರಕಾರ್ಯ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷದ ತೊರೆಯ ಅಧ್ಯಯನಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ನೀರಿಗಿಳಿಯುವ ಮುನ್ನ ಅಧ್ಯಾಪಕರು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ನಮ್ಮ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಸಿದರು: ಈ ತೊರೆ ಎಲ್ಲಿ ಹೆಚ್ಚು ವೇಗವಾಗಿ ಹರಿಯುತ್ತದೆ? ಬಂಡೆಗಳ ನಡುವೆ ನೊರೆಯೆಬ್ಬಿಸಿ ಧುಮುಕುವ ಮೇಲ್ಭಾಗದಲ್ಲೇ ಎಂದು ನಾವೆಲ್ಲರೂ ಬರೆದೆವು. ಆಮೇಲೆ ಮೂರು ಕಡೆ ದಡದಿಂದ ದಡಕ್ಕೆ ಟೇಪು ಹಿಡಿದು, ಸಮಾನ ಅಂತರಗಳಲ್ಲಿ ಆಳ ಅಳೆದು, ಅಡ್ಡಕೊಯ್ತದ ವಿಸ್ತೀರ್ಣವನ್ನು ಲೆಕ್ಕ ಹಾಕಿದೆವು. ಮರದ ತುಂಡೊಂದು 10 ಮೀಟರ್ ದೂರ ತೇಲಿಹೋಗಲು ಹಿಡಿಯುವ ಸಮಯವನ್ನು ಮತ್ತೆ ಮತ್ತೆ ಗುರುತಿಸಿಕೊಂಡು ಸರಾಸರಿ ತೆಗೆದೆವು. ಮೇಲ್ಮೈಯ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ, ಸಿಕ್ಕ ವೇಗವನ್ನು 0.85ರಿಂದ ಗುಣಿಸಿ ಸರಿಪಡಿಸಿದೆವು. ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹರಿಯುತ್ತಿದೆ ಎಂಬುದು ತಿಳಿಯುತ್ತದೆ.

ಸಂಜೆ ಲೆಕ್ಕ ಮುಗಿದಾಗ, ಸದ್ದಿಲ್ಲದೆ ಸಾಗುತ್ತಿದ್ದ ಕೆಳಭಾಗದ ಸರಾಸರಿ ವೇಗವೇ ಹೆಚ್ಚಿತ್ತು. ಮೇಲ್ಭಾಗದಲ್ಲಿ ತೊರೆಯ ಪಾತ್ರ ಒರಟು, ನೀರು ತೆಳು. ಶಕ್ತಿಯ ಬಹುಪಾಲು ಕಲ್ಲುಗಳ ನಡುವಿನ ಘರ್ಷಣೆಯಲ್ಲೂ ಸುಳಿಗಳಲ್ಲೂ ಕಳೆದುಹೋಗುತ್ತದೆ. ಕೆಳಗೆ ಇಳಿಜಾರು ಕಡಿಮೆಯಾದರೂ ಆಳ ಹೆಚ್ಚುತ್ತದೆ, ತಳ ನುಣುಪಾಗುತ್ತದೆ, ಅದರಿಂದ ನೀರಿಗೆ ತಡೆಯೂ ತಗ್ಗುತ್ತದೆ. ಹೊಳೆಗಳ ಸರಾಸರಿ ವೇಗವು ಕೆಳಮುಖವಾಗಿ ಸಾಮಾನ್ಯವಾಗಿ ಹೆಚ್ಚುತ್ತದೆಂದು ಅಮೆರಿಕದ ಜಲವಿಜ್ಞಾನಿ ಲೂನಾ ಲಿಯೋಪೋಲ್ಡ್ 1953ರಲ್ಲಿಯೇ ಅಳತೆಗಳಿಂದ ತೋರಿಸಿದ್ದರು. ಅದನ್ನು ತರಗತಿಯಲ್ಲಿ ಓದಿ ಒಪ್ಪಿಕೊಳ್ಳುವುದು ಸುಲಭ. ನನ್ನದೇ ಕೈಬರಹದ ತಪ್ಪು ಊಹೆಯ ಪಕ್ಕದಲ್ಲಿ ನನ್ನದೇ ಅಳತೆಯನ್ನು ಬರೆಯಬೇಕಾಗಿ ಬಂದಾಗ ಮಾತ್ರ ಅದು ನನಗೆ ನಿಜವಾಗಿ ಅರ್ಥವಾಯಿತು.

ಮರುದಿನ ಕಲ್ಲುಗಳ ಸರದಿ. 1954ರಲ್ಲಿ ಅಮೆರಿಕದ ನದಿ ಸಂಶೋಧಕ ವೋಲ್ಮನ್ ಸೂಚಿಸಿದ ಕ್ರಮದಂತೆ, ಪಾತ್ರದಲ್ಲಿ ಹೆಜ್ಜೆ ಹಾಕುತ್ತ, ಪಾದದ ತುದಿಯಲ್ಲಿ ಕೆಳಗೆ ನೋಡದೆ ಬೆರಳಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಿಕೊಂಡು, ಅದರ ನಡುವಣ ಅಕ್ಷವನ್ನು, ಅಂದರೆ ಅತಿ ಉದ್ದವೂ ಅತಿ ಗಿಡ್ಡವೂ ಅಲ್ಲದ ಅಳತೆಯನ್ನು, ಅಳೆಯಬೇಕು. ಹೀಗೆ 100 ಕಲ್ಲು. ನೋಡಿ ಎತ್ತಿದವರ ಸರಾಸರಿ ದೊಡ್ಡದಾಗಿ ಬಂದಿತ್ತು, ಏಕೆಂದರೆ ಕಣ್ಣು ಸಣ್ಣ ಕಲ್ಲನ್ನು ಬಿಟ್ಟು ಚೆಂದದ ಕಲ್ಲನ್ನೇ ಆರಿಸುತ್ತದೆ. ಮಾದರಿಯ ಆಯ್ಕೆಯಲ್ಲಿ ಪಕ್ಷಪಾತ ಎಂದರೇನು ಎಂಬುದನ್ನು ಸಂಖ್ಯಾಶಾಸ್ತ್ರದ ಇಡೀ ಪತ್ರಿಕೆಗಿಂತ ಆ ಒಂದು ಬೆಳಗ್ಗೆ ನನಗೆ ಚೆನ್ನಾಗಿ ಕಲಿಸಿತು.

ದಿಕ್ಕಿನ ಕೋನ ಅಳೆಯುವ ಪ್ರಿಸ್ಮ್ಯಾಟಿಕ್ ದಿಕ್ಸೂಚಿಯ ಸರ್ವೇಕ್ಷಣೆಯೂ ಮಣ್ಣಿನ ಅಭ್ಯಾಸವೂ ಅಚ್ಚುಕಟ್ಟಾಗಿದ್ದವು. ಒಂದೇ ರೇಖೆಯನ್ನು ಅದರ ಎರಡೂ ತುದಿಗಳಿಂದ ಓದಿದಾಗ ಸಿಗುವ ಮುಂದಿನ ಮತ್ತು ಹಿಂದಿನ ದಿಕ್ಕೋನಗಳ ನಡುವೆ 180 ಡಿಗ್ರಿ ವ್ಯತ್ಯಾಸ ಬಾರದಿದ್ದರೆ, ಓದುವುದರಲ್ಲಿ ತಪ್ಪಾಗಿರಬೇಕು ಅಥವಾ ಹತ್ತಿರದಲ್ಲಿ ಕಬ್ಬಿಣವಿರಬೇಕು ಎಂದು ನಾವೇ ಹುಡುಕಿ ಕಂಡುಕೊಳ್ಳುವಂತೆ ಬಿಟ್ಟದ್ದು ನನಗೆ ಹಿಡಿಸಿತು. ಅಗೆದ ಗುಂಡಿಯ ಮಣ್ಣನ್ನು ಮಣ್ಣಿನ ಬಣ್ಣ ಹೋಲಿಸಿ ಗುರುತಿಸುವ ಮುನ್ಸೆಲ್ ವರ್ಣಪಟ್ಟಿಯ ಪಕ್ಕದಲ್ಲಿಟ್ಟು ನೋಡಿ, ಕೆಳಸ್ತರದ ಬೂದುಬಣ್ಣದ ಮಚ್ಚೆಗಳಿಂದ ಅಲ್ಲಿ ನೀರು ಬಹುಕಾಲ ನಿಲ್ಲುತ್ತದೆಂದು ಊಹಿಸಿದೆವು. ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣ ತನ್ನ ಕೆಂಪನ್ನು ಕಳೆದುಕೊಳ್ಳುತ್ತದೆ.

ಎರಡನೆಯ ವರ್ಷದ ಮಾನವ ಭೂಗೋಳದ ಸಮೀಕ್ಷೆಯ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಪ್ರಶ್ನಾವಳಿ ಮೊದಲೇ ಸಿದ್ಧವಾಗಿತ್ತು. ಪ್ರಶ್ನೆಗಳನ್ನು ರೂಪಿಸುವ, ನಾಲ್ಕಾರು ಜನರ ಮುಂದಿಟ್ಟು ತಿದ್ದುವ ಅವಕಾಶವೇ ನಮಗೆ ಸಿಗಲಿಲ್ಲ. ಕೆಲಸದ ದಿನದ ಮಧ್ಯಾಹ್ನ ಮನೆಮನೆಗೆ ಹೋದುದರಿಂದ, ದುಡಿಯಲು ಹೊರಗೆ ಹೋದವರ ಮಾತು ನಮ್ಮ ವರದಿಯಲ್ಲಿ ಬರಲೇ ಇಲ್ಲ. ಕಲ್ಲು ಎತ್ತುವಾಗ ಅಷ್ಟು ಎಚ್ಚರ ಕಲಿಸಿದ ವಿಭಾಗ ಮನುಷ್ಯರ ವಿಷಯದಲ್ಲಿ ಅದನ್ನು ಮರೆತಿತ್ತು. ತಮ್ಮ ಸಮಯ ಕೊಟ್ಟು ಉತ್ತರಿಸಿದವರಿಗೆ ಫಲಿತಾಂಶವನ್ನು ತಿಳಿಸುವ ಏರ್ಪಾಡೂ ಇರಲಿಲ್ಲ, ಮತ್ತು ಇದು ನನ್ನನ್ನು ಈಗಲೂ ಕಾಡುತ್ತದೆ.

ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. ಸಹಪಾಠಿಯೊಬ್ಬರಿಗೆ ಇಳಿಜಾರಿನಲ್ಲಿ ನಡೆಯುವುದು ಕಷ್ಟವಿತ್ತು. ಅವರಿಗೆ ಪ್ರಯೋಗಾಲಯದಲ್ಲೇ ಕುಳಿತು ನಕ್ಷೆ ಬಿಡಿಸುವ ಕೆಲಸ ಕೊಡಲಾಯಿತು. ವಾಹನ ಹತ್ತಿರಕ್ಕೆ ಹೋಗುವಂಥ ಕೆಳಭಾಗದ ತಾಣವೊಂದನ್ನು ಅವರಿಗಾಗಿ ಆರಿಸಿದ್ದರೆ ಅಳತೆಯಲ್ಲಿ ಅವರೂ ಇರುತ್ತಿದ್ದರು. ಸುರಕ್ಷತೆಯ ಸಿದ್ಧತೆ ಮಾತ್ರ ಚೆನ್ನಾಗಿತ್ತು: ಮೇಲ್ಭಾಗದಲ್ಲಿ ಮಳೆಯಾದ ಸೂಚನೆ ಬಂದ ಒಂದು ದಿನ ನೀರಿಗಿಳಿಯುವುದನ್ನೇ ಕೈಬಿಟ್ಟರು.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಅಂಕ; ಕಳೆದ ಒಂದು ಅಂಕ ಸಮೀಕ್ಷೆಯದ್ದು ಮತ್ತು ಆ ಸಹಪಾಠಿಯದ್ದು. ಯಾವುದೇ ವಿಭಾಗಕ್ಕೆ ಸೇರುವ ಮುನ್ನ, ಹೊರಗೆ ಎಷ್ಟು ದಿನ ಕರೆದೊಯ್ಯುತ್ತಾರೆ ಎಂದು ಕೇಳುವುದರ ಜೊತೆಗೆ, ಅಳೆಯಬೇಕಾದ ಪ್ರಶ್ನೆಯನ್ನು ಯಾರು ರೂಪಿಸುತ್ತಾರೆ, ಅಳತೆ ತಪ್ಪಿದರೆ ಅದೇ ಜಾಗಕ್ಕೆ ಮರಳಿ ಹೋಗಲು ಸಮಯವಿದೆಯೇ ಎಂಬುದನ್ನೂ ಕೇಳಿ. ಸಾಧ್ಯವಾದರೆ ಹಿರಿಯ ವಿದ್ಯಾರ್ಥಿಯೊಬ್ಬರ ಕ್ಷೇತ್ರ ಟಿಪ್ಪಣಿ ಪುಸ್ತಕವನ್ನು ತೋರಿಸುವಂತೆ ಕೇಳಿ, ಅದರಲ್ಲಿ ಹೊಡೆದುಹಾಕಿ ಮತ್ತೆ ಬರೆದ ಅಂಕಿಗಳಿವೆಯೇ ಎಂದು ನೋಡಿ.