ಕೊಂಡ ವಾರದ ವಿಮರ್ಶೆ, ವರ್ಷ ಕಳೆದ ವಿಮರ್ಶೆ

ಕಂಪ್ಯೂಟರ್ ಕೊಳ್ಳುವವರು ಓದುವ ಬಳಕೆದಾರರ ವಿಮರ್ಶೆಗಳಲ್ಲಿ ದೊಡ್ಡ ಪಾಲು ಪೆಟ್ಟಿಗೆ ಬಿಚ್ಚಿದ ವಾರದೊಳಗೆ ಬರೆದವು. ಆ ವಾರದಲ್ಲಿ ಕೆಟ್ಟ ಯಂತ್ರವೂ ಒಳ್ಳೆಯದೇ. ಫ್ಯಾನಿಗೆ ಧೂಳು ಹಿಡಿದಿರುವುದಿಲ್ಲ, ಮುಚ್ಚಳದ ಹಿಂಜ್ (ಕೀಲು) ಬಿಗಿಯಾಗಿರುತ್ತದೆ, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಖಾಲಿ ಇರುತ್ತದೆ. ಆಗ ಕೊಟ್ಟ ಐದು ಸ್ಟಾರ್‌ಗಳಿಂದ ಪಾರ್ಸೆಲ್ ಬೇಗ ಬಂತು, ಪ್ಯಾಕಿಂಗ್ ಗಟ್ಟಿಯಾಗಿತ್ತು ಎಂಬುದಷ್ಟೇ ಗೊತ್ತಾಗುತ್ತದೆ. ನಾನು ಕೆಲವು ವರ್ಷಗಳಿಂದ ಎರಡು ಲ್ಯಾಪ್‌ಟಾಪ್‌ಗಳನ್ನು ಜೊತೆಜೊತೆಯಾಗಿ ಬಳಸುತ್ತಿದ್ದೇನೆ. ಒಂದನ್ನು ಹೊಸದಾಗಿ ಕೊಂಡೆ. ಇನ್ನೊಂದು ಯಾವುದೋ ಕಚೇರಿಯಲ್ಲಿ ಗುತ್ತಿಗೆಯ ಅವಧಿ ಮುಗಿಸಿ, ರಿಫರ್ಬಿಷ್ ಆಗಿ, ಎಂದರೆ ಪರೀಕ್ಷಿಸಿ ಸರಿಪಡಿಸಿ ಮತ್ತೆ ಮಾರಾಟಕ್ಕಿಟ್ಟಾಗ, ನನ್ನ ಕೈಗೆ ಬಂದದ್ದು. ಎರಡನ್ನೂ ಕೊಳ್ಳುವ ಮುನ್ನ ಸಾಕಷ್ಟು ವಿಮರ್ಶೆಗಳನ್ನು ಓದಿ, ಮುಖ್ಯವೆನಿಸಿದವುಗಳನ್ನು ತೆಗೆದಿಟ್ಟುಕೊಂಡಿದ್ದೆ. ಅವುಗಳಲ್ಲಿ ಯಾವುದು ನಿಜವಾಯಿತು, ಯಾವುದು ಹುಸಿಯಾಯಿತು ಎಂದು ಈಗ ಹೇಳಬಲ್ಲೆ. ಹೀಗಾಗಿ ಇದು ಆ ಎರಡು ಯಂತ್ರಗಳ ವಿಮರ್ಶೆ ಎನ್ನುವುದಕ್ಕಿಂತ, ಅಂಥ ಯಂತ್ರಗಳ ಬಗ್ಗೆ ಜನ ಬರೆಯುವುದರ ವಿಮರ್ಶೆ.

ರಿಫರ್ಬಿಷ್ಡ್ ಲ್ಯಾಪ್‌ಟಾಪ್ ಹುಡುಕುವಾಗ ನೋಡಿದ ಒಬ್ಬ ಮಾರಾಟಗಾರರ ಪುಟದ ತುಂಬ ಹೊಗಳಿಕೆಯೇ ಇತ್ತು. ನಡುವೆ ಎರಡು ಸ್ಟಾರ್ ಕೊಟ್ಟಿದ್ದ ಒಬ್ಬರು, ಅರ್ಧ ವರ್ಷ ಏನೂ ತೊಂದರೆ ಇರಲಿಲ್ಲ, ಈಗ ವಿಂಡೋಸ್ ಅನ್ನು ಸಕ್ರಿಯಗೊಳಿಸಿ ಎಂಬ ಬರಹ ಪರದೆಯ ಮೂಲೆಯಿಂದ ಹೋಗುತ್ತಲೇ ಇಲ್ಲ ಎಂದು ಬರೆದಿದ್ದರು. ಉಳಿದವರ ಹೊಗಳಿಕೆಯನ್ನೆಲ್ಲ ಒಟ್ಟು ಮಾಡಿದರೂ ಈ ಒಂದು ವಾಕ್ಯದ ತೂಕಕ್ಕೆ ಬರುವುದಿಲ್ಲ. ದೊಡ್ಡ ಸಂಸ್ಥೆಗಳು ತಮ್ಮ ಕಂಪ್ಯೂಟರ್‌ಗಳಿಗೆ ಬಳಸುವ ಕೆಎಂಎಸ್ ಎಂಬ ವ್ಯವಸ್ಥೆಯಲ್ಲಿ ವಿಂಡೋಸ್ ಒಮ್ಮೆ ಸಕ್ರಿಯವಾದರೆ ಅದು 180 ದಿನಗಳಿಗೆ ಮಾತ್ರ. ಅಷ್ಟರೊಳಗೆ ಆ ಸಂಸ್ಥೆಯ ಸರ್ವರ್ ಜೊತೆ ಮತ್ತೆ ಸಂಪರ್ಕವಾಗಬೇಕು. ಅಂಥ ಪರವಾನಗಿ ಹಾಕಿ ಮಾರಿದ ಯಂತ್ರ ಆರು ತಿಂಗಳು ಅಸಲಿಯಂತೆಯೇ ನಡೆದು, ಮರಳಿಸುವ ಅವಧಿ ಮುಗಿದು ಎಷ್ಟೋ ಕಾಲವಾದ ಮೇಲೆ ಕೈಕೊಡುತ್ತದೆ. ಮೊದಲ ವಾರ ಬರೆದವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಅದು ಕಾಣುವ ಹಾಗೆಯೇ ಇರಲಿಲ್ಲ. ಆ ಮಾರಾಟಗಾರರನ್ನು ಬಿಟ್ಟು ಮುಂದೆ ಹೋದೆ.

ಅಂದಿನಿಂದ ವಿಮರ್ಶೆಗಳನ್ನು ಸ್ಟಾರ್‌ಗಳ ಪ್ರಕಾರ ವಿಂಗಡಿಸುವುದನ್ನು ನಿಲ್ಲಿಸಿದೆ. ಖರೀದಿಯಾದ ಎಷ್ಟು ಕಾಲಕ್ಕೆ ಬರೆದದ್ದು, ಬರೆದವರು ಆ ಯಂತ್ರದಲ್ಲಿ ಏನು ಕೆಲಸ ಮಾಡುತ್ತಾರೆ ಎಂಬ ಎರಡನ್ನು ಮೊದಲು ಹುಡುಕುತ್ತೇನೆ. ಎರಡೂ ಇಲ್ಲದ ವಿಮರ್ಶೆಯನ್ನು ಪಕ್ಕಕ್ಕಿಡುತ್ತೇನೆ. ಸರಾಸರಿ ಸ್ಟಾರ್ ಏನನ್ನೂ ಹೇಳದಿರುವುದಕ್ಕೆ ಸರಳ ಕಾರಣವಿದೆ. ತುಂಬಾ ಖುಷಿಯಾದವರು ಬರೆಯುತ್ತಾರೆ, ತುಂಬಾ ಸಿಟ್ಟಾದವರು ಬರೆಯುತ್ತಾರೆ. ಪರವಾಗಿಲ್ಲ ಎನಿಸಿದವರು ಸುಮ್ಮನೆ ಕೆಲಸಕ್ಕೆ ಮರಳುತ್ತಾರೆ. ಇದರ ಮೇಲೆ ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಯ ಕಾಟ ಬೇರೆ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕು ಎಂಬುದಕ್ಕೆ 2018ರಲ್ಲೇ ಐಎಸ್‌ಒ 20488 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಅಮೆರಿಕದ ವ್ಯಾಪಾರ ಆಯೋಗ ನಕಲಿ ವಿಮರ್ಶೆಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ 2024ರ ಅಕ್ಟೋಬರ್‌ನಿಂದ ನಿಷೇಧಿಸಿದೆ. ಆದರೆ ನಕಲಿಯನ್ನು ಗುರುತಿಸಲು ಬಹಳ ಜನ ನೆಚ್ಚಿಕೊಂಡಿದ್ದ ಫೇಕ್‌ಸ್ಪಾಟ್ ಸೇವೆ 2025ರ ಜುಲೈನಲ್ಲಿ ಮುಚ್ಚಿಹೋಯಿತು. ಕೊನೆಗೂ ನಮ್ಮ ಕಣ್ಣನ್ನೇ ನಂಬಬೇಕು.

ತಡವಾಗಿ ಬರೆದ ದೂರನ್ನು ಓದುವಾಗಲೂ ನನಗೆ ಒಂದು ನಿಯಮವಿದೆ. ಬಳಕೆದಾರರು ಕಂಡದ್ದನ್ನು ನಂಬುತ್ತೇನೆ. ಅವರು ಊಹಿಸಿದ ಕಾರಣವನ್ನು ನಂಬುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವಿಷಯದಲ್ಲಿ ಇದು ಚೆನ್ನಾಗಿ ಕಾಣಿಸಿತು. ಆಟ ನಡುವೆಯೇ ನಿಂತುಹೋಗುತ್ತದೆ, ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತದೆ ಎಂದು ಬಳಕೆದಾರರು ದೂರುತ್ತಿದ್ದರು. ಸಂದೇಶವೇ ಹಾಗಿದ್ದ ಮೇಲೆ ಕೆಲವರು ಗ್ರಾಫಿಕ್ಸ್ ಕಾರ್ಡನ್ನು ದೂರಿದರು, ಕೆಲವರು ಮದರ್‌ಬೋರ್ಡನ್ನು. ನಿಜವಾಗಿ ದೋಷವಿದ್ದದ್ದು ಪ್ರೊಸೆಸರ್‌ನಲ್ಲಿ. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಅದು ಹಾಳಾಗುತ್ತಿದೆ ಎಂದು ಇಂಟೆಲ್ 2024ರ ಜುಲೈನಲ್ಲಿ ತಿಳಿಸಿತು. ಆಗಸ್ಟ್‌ನಲ್ಲಿ ಮೈಕ್ರೊಕೋಡ್‌ಗೆ (ಪ್ರೊಸೆಸರ್‌ನ ಒಳಗಿನ ಸೂಚನೆಗಳಿಗೆ) ತಿದ್ದುಪಡಿ ಬಂತು, ವಾರಂಟಿಯನ್ನು 2 ವರ್ಷ ಹೆಚ್ಚಿಸಲಾಯಿತು. ಆಗಲೇ ಹಾಳಾಗಿದ್ದ ಚಿಪ್ ಈ ತಿದ್ದುಪಡಿಯಿಂದ ಸರಿಹೋಗುವುದಿಲ್ಲ. ಅದಕ್ಕಾಗಿಯೇ, ಬಳಸಿದ ಡೆಸ್ಕ್‌ಟಾಪ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ದಿನಗಳ ದೂರುಗಳಲ್ಲಿ ರೋಗದ ಹೆಸರು ತಪ್ಪಾಗಿತ್ತು, ಲಕ್ಷಣ ಮಾತ್ರ ಸರಿಯಾಗಿತ್ತು. ಪರಸ್ಪರ ಪರಿಚಯವಿಲ್ಲದ ಹತ್ತಾರು ಜನ ಬೇರೆ ಬೇರೆ ಮಾತುಗಳಲ್ಲಿ ಒಂದೇ ಲಕ್ಷಣವನ್ನು ಹೇಳುತ್ತಿದ್ದರೆ ನಾನು ಅಲ್ಲಿ ನಿಂತು ಓದುತ್ತೇನೆ. ಎಲ್ಲರೂ ಒಂದೇ ಮಾತುಗಳಲ್ಲಿ ಹೇಳುತ್ತಿದ್ದರೆ ಅನುಮಾನ ಬರುತ್ತದೆ.

ಹೊಸ ಯಂತ್ರ ಕೊಳ್ಳುವಾಗಿನ ದೊಡ್ಡ ಸಮಸ್ಯೆ ಬೇರೆಯದೇ. ವಿಮರ್ಶೆಯಲ್ಲಿರುವ ಯಂತ್ರವೂ ನಿಮಗೆ ಬರುವ ಯಂತ್ರವೂ ಒಂದೇ ಹೆಸರಿನವು, ಆದರೆ ಒಂದೇ ಆಗಿರಬೇಕೆಂದಿಲ್ಲ. 2021ರಲ್ಲಿ ಕ್ರೂಷಿಯಲ್ ಪಿ2 ಎಂಬ, ಕಡತಗಳನ್ನಿಡುವ ಎಸ್‌ಎಸ್‌ಡಿ ಡಿಸ್ಕಿನಲ್ಲಿದ್ದ ಟಿಎಲ್‌ಸಿ ಎಂಬ ಬಗೆಯ ಮೆಮೊರಿಯ ಜಾಗಕ್ಕೆ ನಿಧಾನವಾದ ಕ್ಯೂಎಲ್‌ಸಿ ಬಗೆಯದು ಬಂತು. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550ರಲ್ಲೂ ಮೆಮೊರಿ ಬದಲಾಗಿ, ಕ್ಯಾಷೆ (ಬಂದ ಮಾಹಿತಿಯನ್ನು ಮೊದಲು ಇಟ್ಟುಕೊಳ್ಳುವ ವೇಗದ ಜಾಗ) ತುಂಬಿದ ಮೇಲೆ ಡಿಸ್ಕಿಗೆ ಮಾಹಿತಿ ಬರೆಯುವ ವೇಗ ಗಣನೀಯವಾಗಿ ಇಳಿಯಿತು. ಹೆಸರು ಅದೇ, ಪೆಟ್ಟಿಗೆ ಅದೇ, ಹಿಂದಿನ ವರ್ಷದ ಹೊಗಳಿಕೆಗಳೂ ಅಲ್ಲೇ. ಲ್ಯಾಪ್‌ಟಾಪ್‌ಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಒಂದೇ ಮಾದರಿಯ ಹೆಸರಿನಡಿ ಎರಡು ಮೂರು ಬಗೆಯ ಪರದೆ, 8 ಅಥವಾ 16 ಜಿಬಿ ರ‍್ಯಾಮ್, ಬೇರೆ ಬೇರೆ ಸಾಮರ್ಥ್ಯದ ಬ್ಯಾಟರಿ ಇರುತ್ತವೆ. ಇವೆಲ್ಲವುಗಳ ವಿಮರ್ಶೆಗಳನ್ನೂ ಮಾರಾಟ ತಾಣಗಳು ಎಷ್ಟೋ ಬಾರಿ ಒಂದೇ ರಾಶಿಗೆ ಸುರಿಯುತ್ತವೆ. ಬಣ್ಣಗಳು ಮಂಕಾಗಿವೆ ಎನ್ನುವವರೂ ಪರದೆ ಅದ್ಭುತ ಎನ್ನುವವರೂ ಜಗಳವಾಡುತ್ತಿರುವಂತೆ ಕಂಡರೆ, ಬಹಳ ಸಲ ಇಬ್ಬರ ಮಾತೂ ನಿಜ. ಅವರ ಮುಂದಿರುವ ಪರದೆಗಳೇ ಬೇರೆ. ಪೂರ್ಣ ಮಾದರಿ ಸಂಖ್ಯೆಯನ್ನು ಬರೆದ ವಿಮರ್ಶಕರ ಮೇಲೆ ನನಗೆ ವಿಶೇಷ ಗೌರವ.

ವಿನ್ಯಾಸದ ದೋಷಗಳು ಹೊರಬರಲು ಕಾಲ ಬೇಕು ಎಂಬುದಕ್ಕೆ ಆಪಲ್‌ನ ಬಟರ್‌ಫ್ಲೈ ಕೀಬೋರ್ಡ್ ಇದೆ. 2015ರಲ್ಲಿ ಅದು ಬಂದಾಗ ಎಷ್ಟು ತೆಳು ಎಂದು ಜನ ಬೆರಗಾದರು. ಸಣ್ಣ ಧೂಳಿನ ಕಣ ಸಿಕ್ಕಿಕೊಂಡರೂ ಅಕ್ಷರ ಎರಡೆರಡು ಸಲ ಮೂಡುವುದು, ಇಲ್ಲವೇ ಮೂಡದೇ ಇರುವುದು ನಿಧಾನವಾಗಿ ಬೆಳಕಿಗೆ ಬಂತು. ಉಚಿತ ದುರಸ್ತಿಯ ಯೋಜನೆ ಪ್ರಕಟವಾದದ್ದು 2018ರ ಜೂನ್‌ನಲ್ಲಿ. ನಡುವಿನ ವರ್ಷಗಳಲ್ಲಿ ತಮ್ಮ ಹಳೆಯ ವಿಮರ್ಶೆಗೆ ಮರಳಿ ಬಂದು ನಾಲ್ಕು ಸಾಲು ಸೇರಿಸಿದ ಬಳಕೆದಾರರು ಉಳಿದವರಿಗೆ ದೊಡ್ಡ ಉಪಕಾರ ಮಾಡಿದರು.

ರಿಫರ್ಬಿಷ್ಡ್ ಯಂತ್ರಕ್ಕೆ ಬಂದರೆ ಓದುವ ಕ್ರಮವೇ ಬದಲಾಗಬೇಕು. ಅಲ್ಲಿ ಪ್ರತಿಯೊಂದು ಯಂತ್ರದ ಪೂರ್ವಾಪರವೂ ಬೇರೆ. ಒಂದು ನಾಲ್ಕು ವರ್ಷ ಮೇಜಿನ ಮೇಲೆಯೇ ಕುಳಿತಿರಬಹುದು, ಇನ್ನೊಂದು ಊರೂರು ಸುತ್ತಿರಬಹುದು. ನಿಮಗೆ ಬರುವುದು ವಿಮರ್ಶಕರ ಕೈಯಲ್ಲಿರುವ ಯಂತ್ರವಲ್ಲ, ಆದ್ದರಿಂದ ಆ ವಿಮರ್ಶೆಗಳು ತಿಳಿಸುವುದು ಮಾರಾಟಗಾರರ ಬಗ್ಗೆ: ಅವರು ಪರೀಕ್ಷಿಸುತ್ತಾರೆಯೇ, ಶುಚಿ ಮಾಡುತ್ತಾರೆಯೇ, ಪ್ರೊಸೆಸರ್‌ನ ಶಾಖ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಾಯಿಸುತ್ತಾರೆಯೇ, ದೂರು ಬಂದರೆ ಉತ್ತರಿಸುತ್ತಾರೆಯೇ. ಎ, ಬಿ, ಸಿ ಎಂಬ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬರ ಎ ಇನ್ನೊಬ್ಬರ ಬಿ. ಹೀಗಿರುವಾಗ ಗೀರುಗಳ ಬಗ್ಗೆ ಬರೆದ ದೂರುಗಳನ್ನು ನಾನು ಬೇಗ ದಾಟುತ್ತೇನೆ. ರೀಸೆಟ್ ಮಾಡಿದ ಮೇಲೆ ಯಾವುದೋ ಕಂಪನಿಯ ಲಾಗಿನ್ ಕೇಳುತ್ತಿದೆ, ಬಯೋಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂಬಂಥ ಒಂದೇ ಒಂದು ಸಾಲು ಸಿಕ್ಕರೂ ಬೆಚ್ಚಿಬೀಳುತ್ತೇನೆ. ಹಳೆಯ ಸಂಸ್ಥೆ ತನ್ನ ಪಟ್ಟಿಯಿಂದ ಆ ಯಂತ್ರವನ್ನು ಬಿಡುಗಡೆ ಮಾಡಿಲ್ಲ, ಮಾರಾಟಗಾರರು ಅದನ್ನು ಗಮನಿಸಿಯೂ ಇಲ್ಲ ಎಂದರ್ಥ.

ಹಳೆಯ ಹೊಗಳಿಕೆಗೂ ಅವಧಿ ಮುಗಿಯುತ್ತದೆ. ಇಂಟೆಲ್‌ನ 7ನೇ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಿಗೆ 2020ರಲ್ಲಿ ಬಂದ ಒಳ್ಳೆಯ ಮಾತುಗಳು ಆಗ ಸರಿಯಾಗಿದ್ದವು. 2021ರಲ್ಲಿ ಬಂದ ವಿಂಡೋಸ್ 11 ಸಾಮಾನ್ಯವಾಗಿ 8ನೇ ತಲೆಮಾರು ಮತ್ತು ಅದರ ನಂತರದವುಗಳಿಗಷ್ಟೇ ಅಧಿಕೃತವಾಗಿ ಬೆಂಬಲ ಕೊಡುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿಕೊಳ್ಳುವವರಿಗೆ ಆ ಯಂತ್ರಗಳು ಇಂದಿಗೂ ಒಳ್ಳೆಯವೇ. ವಿಂಡೋಸ್ ಬೇಕೆನ್ನುವವರು ಆ ಹಳೆಯ ಸ್ಟಾರ್‌ಗಳನ್ನು ನಂಬಬಾರದು.

ಇನ್ನು ನನ್ನ ಎರಡು ಯಂತ್ರಗಳು. ಹೊಸದರ ಬಗ್ಗೆ ಮೊದಲ ತಿಂಗಳ ವಿಮರ್ಶೆಗಳಲ್ಲಿ ಬಹಳ ಜನ ಫ್ಯಾನಿನ ಸದ್ದನ್ನು ದೂರಿದ್ದರು. ಅದು ನಿಜವಾಗಿತ್ತು, ಮುಂದೆ ಬಂದ ಬಯೋಸ್ ಅಪ್‌ಡೇಟ್‌ನಿಂದ ಹೋಯಿತು. ಆದರೂ ಆ ದೂರುಗಳು ಇಂದಿಗೂ ಪುಟದ ಮೇಲ್ಭಾಗದಲ್ಲಿವೆ. ಹಿಂಜ್ ಬಗ್ಗೆ ಆಗ ಯಾರೂ ಬರೆದಿರಲಿಲ್ಲ. ವಾರಂಟಿ ಮುಗಿದ ಮೇಲೆ ನನ್ನ ಯಂತ್ರದ ಎಡಗಡೆಯ ಹಿಂಜ್ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಮೇಲೆದ್ದಾಗ ಮತ್ತೆ ಹೋಗಿ ಹುಡುಕಿದೆ. ಅದೇ ಎಡಗಡೆ, ಅದೇ ಸೀಳು ಎಂದು ಬರೆದವರು ಆ ಹೊತ್ತಿಗೆ ಹಲವರಿದ್ದರು. ಕೀಬೋರ್ಡ್, ಪರದೆ, ವೇಗ ಎಲ್ಲವೂ ಇಂದಿಗೂ ತೃಪ್ತಿಕರ. ಅದೇ ಮಾದರಿಯನ್ನು ಯಾರಾದರೂ ಕೊಳ್ಳುವುದಾದರೆ ಮುಚ್ಚಳವನ್ನು ಮೂಲೆ ಹಿಡಿದು ಎತ್ತದೆ ಮಧ್ಯದಲ್ಲಿ ಹಿಡಿದು ತೆರೆಯಿರಿ ಎನ್ನುತ್ತೇನೆ.

ರಿಫರ್ಬಿಷ್ಡ್ ಯಂತ್ರ ನನ್ನ ಮಟ್ಟಿಗೆ ಹೆಚ್ಚು ಬಾಳಿಕೆ ಬಂದಿದೆ. ಕೀಲಿಗಳು ಸವೆದು ಹೊಳೆಯುತ್ತವೆ, ಪರದೆಯ ಬೆಳಕು ಕಡಿಮೆ ಎಂದು ಮೂರು ಸ್ಟಾರ್‌ನವರು ಬರೆದಿದ್ದರು. ಎರಡೂ ಅಕ್ಷರಶಃ ನಿಜ, ಎರಡಕ್ಕೂ ಸಿದ್ಧನಾಗಿಯೇ ಕೊಂಡೆ. ಎಸ್‌ಎಸ್‌ಡಿಯನ್ನೂ ರ‍್ಯಾಮನ್ನೂ ಸ್ಕ್ರೂಡ್ರೈವರ್ ಹಿಡಿದು ನಾನೇ ಹೆಚ್ಚಿಸಿಕೊಂಡೆ, ತೆಳುವಾದ ಹೊಸ ಯಂತ್ರದಲ್ಲಿ ಆ ಅವಕಾಶ ಇರಲಿಲ್ಲ. ನಿರಾಶೆಯಾದದ್ದು ಬ್ಯಾಟರಿಯಿಂದ. ಹೊಸ ಬ್ಯಾಟರಿ ಹಾಕಿದ್ದೇವೆ ಎಂದು ಮಾರಾಟಗಾರರು ಹೇಳಿದ್ದು ಸುಳ್ಳಲ್ಲ; ಆದರೆ ಅದು ಮೂಲ ತಯಾರಕರದ್ದಲ್ಲ, ವರ್ಷದೊಳಗೆ ಅದರ ಶಕ್ತಿ ಅರ್ಧಕ್ಕಿಳಿಯಿತು. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಒಂದು ಆದೇಶ ಕೊಟ್ಟರೆ ಬ್ಯಾಟರಿ ವರದಿ ಸಿಗುತ್ತದೆ. ಅದರಲ್ಲಿ ವಿನ್ಯಾಸದ ಸಾಮರ್ಥ್ಯ, ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎಂಬ ಎರಡು ಅಂಕಿಗಳಿರುತ್ತವೆ. ಬ್ಯಾಟರಿ ಸೂಪರ್ ಎಂದು ಬರೆಯುವ ಬದಲು ಈ ಎರಡು ಅಂಕಿಗಳನ್ನು ಹಾಕಿ, ವರ್ಷದ ನಂತರ ಮತ್ತೆ ಹಾಕುವವರು ಸಿಕ್ಕರೆ ಅಂಥ ಒಂದು ವಿಮರ್ಶೆ ಸಾಕು. ನಾನು ನನ್ನ ವಿಮರ್ಶೆಗೆ ಅವನ್ನು ಸೇರಿಸಿದ್ದೇನೆ. ಸ್ಟಾರ್‌ಗಳನ್ನು ಐದರಿಂದ ನಾಲ್ಕಕ್ಕೆ ಇಳಿಸಿದ್ದೇನೆ.

ಈಗ ಮನೆಯವರಿಗೊಂದು ರಿಫರ್ಬಿಷ್ಡ್ ಡೆಸ್ಕ್‌ಟಾಪ್ ನೋಡುತ್ತಿದ್ದೇನೆ. ವಿಮರ್ಶೆಗಳಲ್ಲಿ ಕಂಡ ದೂರುಗಳನ್ನು ಪ್ರಶ್ನೆಗಳಾಗಿ ಬರೆದು ಮೂವರು ಮಾರಾಟಗಾರರಿಗೆ ಕಳುಹಿಸಿದೆ: ಪರವಾನಗಿ ಯಾವ ಬಗೆಯದು, ಬಯೋಸ್ ಲಾಕ್ ಇದೆಯೇ, ಡಿಸ್ಕ್ ಎಷ್ಟು ಗಂಟೆ ಓಡಿದೆ, ಮರಳಿಸಿದರೆ ಸಾಗಣೆಯ ಖರ್ಚು ಯಾರದು. ಒಬ್ಬರು ಪ್ರತಿ ಪ್ರಶ್ನೆಗೂ ಪ್ರತ್ಯೇಕವಾಗಿ ಉತ್ತರಿಸಿ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ಕೊಡುವ ಸ್ಮಾರ್ಟ್ ವರದಿಯ ಚಿತ್ರವನ್ನೂ ಕಳುಹಿಸಿದರು. ಅವರ ಸರಾಸರಿ ಸ್ಟಾರ್ ಮೂವರಲ್ಲಿ ಎಲ್ಲಕ್ಕಿಂತ ಕಡಿಮೆ. ಅವರಿಂದಲೇ ಕೊಳ್ಳುತ್ತಿದ್ದೇನೆ.